ಎಸ್‌ಪಿಆರ್ ಬೇಕೋ, ಬಿಎಲ್‌ಐ ಸಾಕೋ?

ಪ್ರತಿಕಾಯ (ರೋಗಾಣುವಿನಂಥ ಹೊರಗಿನ ವಸ್ತುವನ್ನು ಗುರುತಿಸಿ ಹಿಡಿಯುವ ಪ್ರೋಟೀನ್) ತನ್ನ ಪ್ರತಿಜನಕವನ್ನು, ಅಂದರೆ ತಾನು ಗುರುತಿಸುವ ವಸ್ತುವನ್ನು, ಎಷ್ಟು ಬೇಗ ಹಿಡಿಯುತ್ತದೆ, ಎಷ್ಟು ಹೊತ್ತಿಗೆ ಬಿಡುತ್ತದೆ ಎಂಬುದನ್ನು ಎಸ್‌ಪಿಆರ್ (ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್), ಬಿಎಲ್‌ಐ (ಬಯೋಲೇಯರ್ ಇಂಟರ್‌ಫೆರೋಮೆಟ್ರಿ) ಎಂಬ ಈ ಎರಡೂ ಉಪಕರಣಗಳು ಬಣ್ಣದ ಗುರುತು ಅಂಟಿಸದೆಯೇ, ಬರೀ ಬೆಳಕಿನಿಂದ ಅಳೆಯುತ್ತವೆ.

ಎಸ್‌ಪಿಆರ್‌ನಲ್ಲಿ ಗಾಜಿನ ಮೇಲೆ ಸುಮಾರು 50 ನ್ಯಾನೊಮೀಟರ್ ದಪ್ಪದ ಚಿನ್ನದ ಪದರ. ಹಿಂಬದಿಯಿಂದ ಬೆಳಕು ಬಿಟ್ಟರೆ ಒಂದು ಕೋನದಲ್ಲಿ ಪ್ರತಿಫಲನ ಥಟ್ಟನೆ ಕುಗ್ಗುತ್ತದೆ. ಮೇಲ್ಮೈಗೆ ಅಣುಗಳು ಅಂಟಿಕೊಂಡಂತೆ ಆ ಕೋನ ಸರಿಯುತ್ತದೆ. 1983ರಲ್ಲಿ ಸ್ವೀಡನ್ನಿನ ಸಂಶೋಧಕರು ಪ್ರತಿಕಾಯಗಳನ್ನೇ ಬಳಸಿ ಇದನ್ನು ತೋರಿಸಿಕೊಟ್ಟರು. ಚದರ ಮಿಲಿಮೀಟರಿಗೆ ಕೆಲವೇ ಪಿಕೊಗ್ರಾಂ ಪ್ರೋಟೀನ್ ಕೂತರೂ ಗೊತ್ತಾಗುತ್ತದೆ, ಅಷ್ಟು ಸೂಕ್ಷ್ಮ. ಆದರೆ ದ್ರವ ಕೂದಲೆಳೆಯಂಥ ನಾಳಗಳಲ್ಲಿ ಹರಿಯಬೇಕು. ಒಂದು ಗಾಳಿಗುಳ್ಳೆ ಹೊಕ್ಕರೆ ಸಾಕು, ಗ್ರಾಫ್‌ನಲ್ಲಿ ಮುಳ್ಳಿನಂತೆ ಗೆರೆ ಏಳುತ್ತದೆ. ಸೋಸದ ಮಾದರಿ ಹಾಕಿದರೆ ನಾಳವೇ ಕಟ್ಟಿಕೊಳ್ಳಬಹುದು.

ಬಿಎಲ್‌ಐನಲ್ಲಿ ನಾಳದ ತಲೆನೋವಿಲ್ಲ. ಬೆಳಕು ಸಾಗಿಸುವ ಫೈಬರ್‌ನ ತುದಿಯನ್ನು ಮಾದರಿ ತುಂಬಿದ ಪ್ಲೇಟಿನ ಗುಳಿಯಲ್ಲಿ ಅದ್ದಿದರಾಯಿತು. ತುದಿಯ ಪದರ ದಪ್ಪಗಾದಂತೆ ಬೆಳಕಿನ ವ್ಯತಿಕರಣ ವಿನ್ಯಾಸ (ಬೆಳಕಿನ ಅಲೆಗಳು ಒಂದರೊಡನೊಂದು ಬೆರೆತು ಮೂಡುವ ವಿನ್ಯಾಸ) ಸರಿಯುತ್ತದೆ. ಕೋಶ ಬೆಳೆಸಿದ ದ್ರವವನ್ನು ಶುದ್ಧೀಕರಿಸದೆಯೂ ಇಡಬಹುದು. ನೂರಾರು ಪ್ರತಿಕಾಯಗಳನ್ನು ಜರಡಿ ಹಿಡಿಯುವವರಿಗೆ ನಾನು ಹೇಳುವುದು ಇದನ್ನೇ. ಚಿಕ್ಕ ಅಣುಗಳು, ಅಥವಾ ಗಂಟೆಗಟ್ಟಲೆ ಬಿಡದ ಬಿಗಿ ಹಿಡಿತ ನಿಮ್ಮ ವಿಷಯವಾದರೆ ಎಸ್‌ಪಿಆರ್‌ಗೇ ಹೋಗಿ. ತೆರೆದ ಗುಳಿಯಲ್ಲಿ ಅಷ್ಟು ಹೊತ್ತಿಗೆ ದ್ರವ ಆವಿಯಾಗಿ ಅಳತೆ ಕೆಡುತ್ತದೆ.