ಹಳೆ ಸರ್ವರ್‌ನ ಡಿಸ್ಕ್ ನಿಧಾನ: ಬ್ಯಾಟರಿಯೋ, ರ‍್ಯಾಮೋ, ಎಸ್‌ಎಸ್‌ಡಿಯೋ?

ಡಿಸ್ಕ್ ನಿಧಾನವಾದ ಹಳೆ ಸರ್ವರ್‌ಗೆ ರೇಡ್ ಕಾರ್ಡಿನ (ಹಲವು ಡಿಸ್ಕುಗಳನ್ನು ಒಟ್ಟಾಗಿ ನಡೆಸುವ ಕಾರ್ಡ್) ಬ್ಯಾಟರಿ ಬದಲಿಸುವುದೋ, ರ‍್ಯಾಮ್ ಹೆಚ್ಚಿಸುವುದೋ, ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಚಿಪ್ ಡಿಸ್ಕ್) ಹಾಕುವುದೋ, ಈ ಮೂರರಲ್ಲಿ ಯಾವುದಕ್ಕೆ ದುಡ್ಡು ಹಾಕಲಿ ಅಂತ ಕೇಳಿದ್ದೀರಿ. ಅದಕ್ಕೂ ಮುಂಚೆ ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ ಕಮಾಂಡ್ ಓಡಿಸಿ ನೋಡಿ. ಪೆಂಡಿಂಗ್ ಸೆಕ್ಟರ್ (ಓದಲು ಆಗದೆ ಅನುಮಾನದಲ್ಲಿರುವ ಡಿಸ್ಕಿನ ಜಾಗ) ಲೆಕ್ಕ ಏರುತ್ತಿದ್ದರೆ ಆ ಡಿಸ್ಕ್ ಹೋಗುವ ಹಾದಿಯಲ್ಲಿದೆ, ಬ್ಯಾಕಪ್ ತೆಗೆದು ಬದಲಿಸಿ, ಹೋಲಿಕೆ ಆಮೇಲೆ.

ಖರ್ಚು ನೋಡಿದರೆ ಸಾಮಾನ್ಯವಾಗಿ ಕಡಿಮೆ ಬೀಳುವುದು ರೇಡ್ ಕಾರ್ಡಿನ ಬ್ಯಾಟರಿ. ತುಂಬಾ ಜನ ಇದನ್ನೇ ಮರೆಯುತ್ತಾರೆ. ಬ್ಯಾಟರಿ ಸತ್ತರೆ ಹೆಚ್ಚಿನ ಕಾರ್ಡುಗಳು ತಾವಾಗಿಯೇ ರೈಟ್-ಬ್ಯಾಕ್ (ಡೇಟಾವನ್ನು ಕಾರ್ಡಿನ ಮೆಮೊರಿಯಲ್ಲಿಟ್ಟು ಡಿಸ್ಕಿಗೆ ಆಮೇಲೆ ಬರೆಯುವುದು) ಬಿಟ್ಟು ರೈಟ್-ಥ್ರೂಗೆ ಬರುತ್ತವೆ, ಆಗ ಬರೆಯುವ ಪ್ರತಿ ಡೇಟಾವೂ ಡಿಸ್ಕ್ ಮುಟ್ಟುವವರೆಗೆ ಕಾಯಬೇಕು. ಓದುವುದು ಸರಿಯಿದ್ದು ಬರೆಯುವುದು ಮಾತ್ರ ಇದ್ದಕ್ಕಿದ್ದಂತೆ ಕುಸಿದಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಬ್ಯಾಟರಿ ಬದಲಿಸಲು ಮೆಷಿನ್ ಸ್ವಲ್ಪ ಹೊತ್ತು ನಿಲ್ಲಿಸಿದರೆ ಸಾಕು, ಡೇಟಾ ಮುಟ್ಟಬೇಕಾಗೇ ಇಲ್ಲ.

ರ‍್ಯಾಮ್ ಹಾಕುವುದೂ ಸುಲಭ. ಆದರೆ ಮೆಮೊರಿ ಬಳಕೆ ತೋರಿಸುವ ವಿಎಂಸ್ಟ್ಯಾಟ್‌ನಲ್ಲಿ ಸ್ವಾಪ್ (ರ‍್ಯಾಮ್ ಸಾಲದೆ ಡಿಸ್ಕನ್ನೇ ಮೆಮೊರಿಯಂತೆ ಬಳಸುವುದು) ಸದಾ ಓಡಾಡುತ್ತಿದ್ದರೆ ಮಾತ್ರ ಹಾಕಿ, ಇಲ್ಲದಿದ್ದರೆ ಸುಮ್ನೆ ದುಡ್ಡು ದಂಡ ಆಗಬಹುದು.

ವೇಗದಲ್ಲಿ ಎಸ್‌ಎಸ್‌ಡಿಯೇ ಬೇರೆ. ನಿಮಿಷಕ್ಕೆ 7200 ಸುತ್ತು ತಿರುಗುವ, ಅಂದರೆ 7200 ಆರ್‌ಪಿಎಂ ಡಿಸ್ಕ್ ಚದುರಿದ ಡೇಟಾವನ್ನು ಸೆಕೆಂಡಿಗೆ ಸುಮಾರು 100 ಸಲ ಓದುತ್ತದೆ, ಸಾಟಾ (ಸಾಮಾನ್ಯ ಡಿಸ್ಕ್ ಕೇಬಲ್ ಜೋಡಣೆಯ) ಎಸ್‌ಎಸ್‌ಡಿ ಸಾವಿರಗಟ್ಟಲೆ ಸಲ. ಹಳೆ 3 ಗಿಗಾಬಿಟ್ ಸಾಟಾ ಪೋರ್ಟಿನಲ್ಲಿ ವೇಗ ಸೆಕೆಂಡಿಗೆ 300 ಎಂಬಿ ಒಳಗೇ ನಿಂತರೂ ಡೇಟಾಬೇಸ್‌ಗೆ ಆ ವ್ಯತ್ಯಾಸ ದೊಡ್ಡದು. ಖರ್ಚು ಜಾಸ್ತಿ, ಡೇಟಾ ಸಾಗಿಸುವ ಕೆಲಸವೂ ಇದೆ. ಬಾಳಿಕೆಯೂ ಡೇಟಾ ಸುರಕ್ಷತೆಯೂ ಬೇಕಾದರೆ ಕರೆಂಟ್ ಹೋದಾಗ ಡೇಟಾ ಕಾಯುವ ಕೆಪಾಸಿಟರ್ ಇರುವ ಸರ್ವರ್ ಮಾದರಿಯನ್ನೇ ತಗೊಳ್ಳಿ.

ಸರ್ವರ್ ಇನ್ನೊಂದು ವರ್ಷದಲ್ಲಿ ಹೋಗುತ್ತದೆ, ಅದರಲ್ಲಿ ಬರೀ ಬ್ಯಾಕಪ್ ಫೈಲುಗಳಿವೆ ಅಂದರೆ ಬ್ಯಾಟರಿ ಬದಲಿಸಿ ಬಿಡಿ. ಡೇಟಾಬೇಸ್ ಇದ್ದರೆ ಎಸ್‌ಎಸ್‌ಡಿ ಹಾಕಿ, ನಾಳೆ ಹೊಸ ಮೆಷಿನ್‌ಗೂ ಅದನ್ನೇ ಒಯ್ಯಬಹುದಲ್ವಾ.