ಎಕ್ಸ್‌ಪಲ್ಸ್ 200 4ವಿ ಪ್ರೊ: ಹದ ಮಾಡಿಕೊಂಡರೆ ಮಲೆನಾಡಿಗೆ ಒಗ್ಗುವ ಬೈಕು

ಹೀರೊ ಎಕ್ಸ್‌ಪಲ್ಸ್ 200 4ವಿ ಬೈಕಿನ ಪ್ರೊ ಮಾದರಿಯನ್ನು ಶೋರೂಮಿನಿಂದ ತಂದ ಸ್ಥಿತಿಯಲ್ಲೇ ಓಡಿಸಿ ತೀರ್ಪು ಕೊಡುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಮಾದರಿಯ ನಿಜವಾದ ಬಂಡವಾಳವಿರುವುದು ಬೇಕಾದಂತೆ ಹೊಂದಿಸಿಕೊಳ್ಳಬಹುದಾದ, ದಾರಿಯ ಕುಲುಕಾಟವನ್ನು ಹೀರಿಕೊಳ್ಳುವ ಸಸ್ಪೆನ್ಷನ್‌ನಲ್ಲಿ. ಅದನ್ನು ಸವಾರನ ತೂಕಕ್ಕೂ ದಾರಿಯ ಗುಣಕ್ಕೂ ತಕ್ಕಂತೆ ಹದಕ್ಕೆ ತಂದುಕೊಳ್ಳದೆ ಬಿಟ್ಟರೆ, ಎತ್ತರದ ಸೀಟಿನ ತೊಂದರೆಯಷ್ಟೇ ಸವಾರನ ಪಾಲಿಗೆ ಉಳಿಯುತ್ತದೆ. ಸಕಲೇಶಪುರ ಮತ್ತು ಮೂಡಿಗೆರೆ ಸುತ್ತಿನ ಕಾಫಿ ತೋಟಗಳ ಜೀಪು ದಾರಿಗಳಲ್ಲಿ, ಮಳೆಗಾಲದ ಕೆಸರಿನಲ್ಲೂ ಬೇಸಿಗೆಯ ದೂಳಿನಲ್ಲೂ ಇದನ್ನು ಓಡಿಸಿದ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಹಾಗಾಗಿ ಬೈಕಿನ ವರ್ಣನೆಗಿಂತ ಅದನ್ನು ಹೊಂದಿಸುವ ಕ್ರಮಕ್ಕೇ ಇಲ್ಲಿ ಹೆಚ್ಚು ಜಾಗ ಸಿಕ್ಕಿದೆ.

ಎಕ್ಸ್‌ಪಲ್ಸ್ 200 ಮಾರುಕಟ್ಟೆಗೆ ಬಂದದ್ದು 2019ರಲ್ಲಿ. ಮರುವರ್ಷ ಕಂಪನಿಯು ಅದಕ್ಕೆ ರ‍್ಯಾಲಿ ಕಿಟ್ ಎಂಬ ಬಿಡಿಭಾಗಗಳ ಜೋಡಣೆಯನ್ನು 38,000 ರೂಪಾಯಿಗೆ ಕೊಡತೊಡಗಿತು. ಉದ್ದನೆಯ ಸಸ್ಪೆನ್ಷನ್, ಚಪ್ಪಟೆ ಸೀಟು, ಎತ್ತರಿಸಿದ ಹ್ಯಾಂಡಲ್, ಕಚ್ಚಾ ದಾರಿಯ ಟಯರುಗಳು ಎಲ್ಲವೂ ಅದರಲ್ಲಿದ್ದವು. ಆದರೆ ಅದು ಸ್ಪರ್ಧೆಯ ಬಳಕೆಗೆಂದು ಮೀಸಲಾದ ಸಾಮಗ್ರಿಯಾಗಿತ್ತು. 2021ರಲ್ಲಿ ನಾಲ್ಕು ವಾಲ್ವ್‌ಗಳ ಎಂಜಿನ್ ಬಂದಿತು. 2023ರಲ್ಲಿ ಬಂದ ಪ್ರೊ ಮಾದರಿಯು ಕಿಟ್‌ನ ಮುಖ್ಯ ಗುಣಗಳನ್ನು ಕಾರ್ಖಾನೆಯಲ್ಲೇ ಅಳವಡಿಸಿಕೊಂಡು, ನೋಂದಣಿ ಫಲಕದೊಂದಿಗೆ ರಸ್ತೆಗೆ ಇಳಿಯಿತು. ಆಗ ಸಾಮಾನ್ಯ ಮಾದರಿಗೂ ಪ್ರೊ ಮಾದರಿಗೂ ಇದ್ದ ಬೆಲೆಯ ಅಂತರ ಸುಮಾರು 7,500 ರೂಪಾಯಿ ಮಾತ್ರ. ಹಿಂದೆ ಕಿಟ್‌ಗೆ ಕೊಡಬೇಕಿದ್ದ ಮೊತ್ತವನ್ನು ನೆನೆದರೆ ಇಷ್ಟು ನ್ಯಾಯವಾದ ಬೆಲೆಗೆ ಇಂಥ ಸಲಕರಣೆ ನಮ್ಮಲ್ಲಿ ಇನ್ನೊಂದು ಬೈಕಿನೊಂದಿಗೆ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಪ್ರೊ ಮಾದರಿಯಲ್ಲಿ ಮುಂದಿನ ಚಕ್ರ 250 ಮಿಲಿಮೀಟರ್, ಹಿಂದಿನದು 220 ಮಿಲಿಮೀಟರ್ ಮೇಲೆ ಕೆಳಗೆ ಚಲಿಸುತ್ತದೆ. ಸಾಮಾನ್ಯ ಮಾದರಿಯಲ್ಲಿ ಈ ಅಳತೆಗಳು 190 ಮತ್ತು 170. ನೆಲದಿಂದ ಎಂಜಿನ್ ತಳಕ್ಕೆ 270 ಮಿಲಿಮೀಟರ್ ಅಂತರವಿದೆ. ಸೀಟಿನ ಎತ್ತರ 891 ಮಿಲಿಮೀಟರ್. ಮುಂದೆ 21 ಅಂಗುಲದ, ಹಿಂದೆ 18 ಅಂಗುಲದ ಕಡ್ಡಿ ಚಕ್ರಗಳಿರುವುದು ಕಚ್ಚಾ ದಾರಿಯವರಿಗೆ ದೊಡ್ಡ ವರ. ದೊಡ್ಡ ಮುಂಚಕ್ರವು ಜಂಬಿಟ್ಟಿಗೆಯ ಮೆಟ್ಟಿಲಿನಂಥ ಉಬ್ಬುಗಳನ್ನು ಸಲೀಸಾಗಿ ಏರಿ ದಾಟುತ್ತದೆ, ಹಿಂದಿನ 18 ಅಂಗುಲಕ್ಕೆ ಕಚ್ಚಾ ದಾರಿಯ ದೀರ್ಘ ಸ್ಪರ್ಧೆಗಳಿಗೆಂದೇ ಮಾಡಿದ ನಿಜವಾದ ಎಂಡ್ಯೂರೋ ಟಯರುಗಳು ದೊರೆಯುತ್ತವೆ. ತೂಕ ಸುಮಾರು 160 ಕಿಲೋ. ರಾಯಲ್ ಎನ್‌ಫೀಲ್ಡ್‌ನ ಹಳೆಯ ಹಿಮಾಲಯನ್ 411ರ 199 ಕಿಲೋಗೆ ಹೋಲಿಸಿದರೆ ಇದು ಹಗುರವೇ ಸರಿ. ತೋಟದ ಏರಿನಲ್ಲಿ ಬೈಕು ಅಡ್ಡಬಿದ್ದಾಗ ಒಬ್ಬರೇ ಎತ್ತಿ ನಿಲ್ಲಿಸಬೇಕಾದವರಿಗೆ ಈ ವ್ಯತ್ಯಾಸದ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ಆದರೂ ಸ್ಪರ್ಧೆಗೆಂದೇ ಕಟ್ಟಿದ ಡರ್ಟ್ ಬೈಕಿನ ಹಗುರತನವನ್ನು ಇದರಿಂದ ನಿರೀಕ್ಷಿಸಬಾರದು.

ಈಗ ಹೊಂದಿಸುವ ವಿಚಾರಕ್ಕೆ ಬರೋಣ. ಮೊದಲು ನೋಡಬೇಕಾದದ್ದು ಸ್ಯಾಗ್, ಅಂದರೆ ಸವಾರನ ಭಾರಕ್ಕೆ ಸ್ಪ್ರಿಂಗು ಎಷ್ಟು ಕುಸಿಯುತ್ತದೆ ಎಂಬ ಅಳತೆ. ಇದನ್ನು ಅಳೆಯಲು ದುಬಾರಿ ಉಪಕರಣ ಬೇಕಿಲ್ಲ, ಒಂದು ಟೇಪು ಮತ್ತು ಇಬ್ಬರು ಗೆಳೆಯರು ಸಾಕು. ನಾವು ಕಾಫಿ ಒಣಗಿಸುವ ಸಿಮೆಂಟಿನ ಕಣದ ಮೇಲೆ, ಸಮತಟ್ಟಾದ ಜಾಗ ನೋಡಿ ಈ ಕೆಲಸ ಮಾಡಿದೆವು. ಬೈಕನ್ನು ಎತ್ತಿ ಹಿಂದಿನ ಚಕ್ರ ನೆಲ ಬಿಡುವಂತೆ ನಿಲ್ಲಿಸಿ, ಆಕ್ಸಲ್‌ನ ನಡುವಿನಿಂದ ನೇರ ಮೇಲೆ ಹಿಂಭಾಗದ ಪ್ಲಾಸ್ಟಿಕ್ಕಿನ ಮೇಲೆ ಸುಣ್ಣದ ಬಳಪದಿಂದ ಗುರುತು ಹಾಕಿ, ಆ ಅಂತರವನ್ನು ಬರೆದುಕೊಂಡೆವು. ಬಳಿಕ ಹೆಲ್ಮೆಟ್, ಬೂಟು, ಮೊಣಕಾಲಿನ ಗಾರ್ಡು, ನೀರಿನ ಚೀಲ ಎಲ್ಲವನ್ನೂ ಧರಿಸಿ ನಾನು ಫುಟ್‌ರೆಸ್ಟಿನ ಮೇಲೆ ನಿಂತೆ. ಒಬ್ಬರು ಮುಂದಿನಿಂದ ಹ್ಯಾಂಡಲ್ ಹಿಡಿದರು, ಇನ್ನೊಬ್ಬರು ಅದೇ ಗುರುತಿಗೆ ಮತ್ತೆ ಟೇಪು ಹಿಡಿದರು. ಎರಡು ಅಳತೆಗಳ ವ್ಯತ್ಯಾಸವೇ ಸವಾರನ ಸ್ಯಾಗ್. ಕಚ್ಚಾ ದಾರಿಗೆ ಅದು ಒಟ್ಟು ಚಲನೆಯ ಮೂರನೇ ಒಂದು ಭಾಗದ ಆಸುಪಾಸಿನಲ್ಲಿರಬೇಕು. 220 ಮಿಲಿಮೀಟರಿಗೆ ಲೆಕ್ಕ ಹಾಕಿದರೆ ಸುಮಾರು 70. ಅದಕ್ಕಿಂತ ಹೆಚ್ಚು ಕುಸಿದರೆ ಸ್ಪ್ರಿಂಗಿನ ಮೇಲಿನ ಜೋಡಿ ರಿಂಗುಗಳನ್ನು ಕೊಕ್ಕೆ ಸ್ಪ್ಯಾನರಿನಿಂದ ತಿರುಗಿಸಿ ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟ ಬಿಗಿತ, ಹೆಚ್ಚಿಸಬೇಕು, ಕಡಿಮೆಯಾದರೆ ಸಡಿಲಿಸಬೇಕು. ರಿಂಗು ಮುಟ್ಟುವ ಮೊದಲು ಅಲ್ಲಿನ ಒಣಗಿದ ಕೆಸರನ್ನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತೆಗೆಯದಿದ್ದರೆ ಅಲ್ಯೂಮಿನಿಯಮ್ಮಿನ ತಿರುಪಿನ ಗೆರೆಗಳು ಸವೆದು ಹಾಳಾಗುತ್ತದೆ.

ಇಷ್ಟಕ್ಕೇ ನಿಲ್ಲಿಸಬಾರದು. ಸವಾರನಿಲ್ಲದೆ ಬೈಕು ತನ್ನ ಭಾರಕ್ಕೇ ಎಷ್ಟು ಕುಸಿಯುತ್ತದೆ ಎಂಬುದನ್ನೂ ಅಳೆಯಬೇಕು. ಅದು 25ರಿಂದ 35 ಮಿಲಿಮೀಟರಿನ ನಡುವೆ ಇದ್ದರೆ ಸ್ಪ್ರಿಂಗು ನಿಮ್ಮ ತೂಕಕ್ಕೆ ಒಪ್ಪುತ್ತದೆ ಎಂದರ್ಥ. ಸವಾರನ ಸ್ಯಾಗ್ ಸರಿಯಾಗಿ ಬಂದ ಮೇಲೂ ಖಾಲಿ ಬೈಕು ಕುಸಿಯುವುದೇ ಇಲ್ಲವೆಂದರೆ, ಮೆದುವಾದ ಸ್ಪ್ರಿಂಗನ್ನು ಅತಿಯಾಗಿ ಬಿಗಿದಿದ್ದೀರಿ, ಅಂದರೆ ನಿಮ್ಮ ತೂಕಕ್ಕೆ ಇನ್ನೂ ಗಟ್ಟಿಯಾದ ಸ್ಪ್ರಿಂಗು ಬೇಕು. ಕೇಳಿದಾಗ ತಲೆಕೆಳಗಾದ ಮಾತಿನಂತೆ ತೋರಿದರೂ ಲೆಕ್ಕ ಹೀಗೆಯೇ ಇರುವುದು. ಎಪ್ಪತ್ತು ಕಿಲೋ ಆಸುಪಾಸಿನ ನನಗೆ ಕಾರ್ಖಾನೆಯ ಸ್ಪ್ರಿಂಗೇ ಸಾಕಾಯಿತು. ನಮ್ಮೊಂದಿಗಿದ್ದ, ನನಗಿಂತ ಬಹಳ ದಪ್ಪನಾದ ಗೆಳೆಯರಿಗೆ ರಿಂಗಿನ ಬಿಗಿತ ಕೊನೆ ಮುಟ್ಟಿದರೂ ಅಳತೆ ಕೂಡಿಬರಲಿಲ್ಲ.

ಮುಂದಿನದು ಡ್ಯಾಂಪಿಂಗ್, ಅಂದರೆ ಸ್ಪ್ರಿಂಗಿನ ಚಲನೆಯನ್ನು ನಿಧಾನಗೊಳಿಸುವ ಏರ್ಪಾಡು. ಕಂಪ್ರೆಷನ್ ಸ್ಕ್ರೂ ಚಕ್ರ ಮೇಲೇರುವ ವೇಗವನ್ನೂ ರಿಬೌಂಡ್ ಸ್ಕ್ರೂ ಅದು ಮರಳುವ ವೇಗವನ್ನೂ ಹತೋಟಿಯಲ್ಲಿಡುತ್ತವೆ. ಎರಡನ್ನೂ ಮೆಲ್ಲಗೆ ಪೂರ್ತಿ ಬಿಗಿಯುವವರೆಗೆ ತಿರುಗಿಸಿ ಎಷ್ಟು ಕ್ಲಿಕ್ ಇದ್ದವೆಂದು ಬರೆದಿಟ್ಟುಕೊಂಡು, ಅದೇ ಜಾಗಕ್ಕೆ ಮರಳಿಸಿ, ಅನಂತರ ಒಮ್ಮೆಗೆ ಒಂದೇ ಸ್ಕ್ರೂವನ್ನು ಎರಡು ಕ್ಲಿಕ್ ಮಾತ್ರ ಬದಲಿಸಿ ಅದೇ ದಾರಿಯಲ್ಲಿ ಓಡಿಸಿ ನೋಡಬೇಕು. ಒಂದರ ಹಿಂದೆ ಒಂದು ಕಲ್ಲು ಬರುವ ಮುರುಕಲು ಇಳಿಜಾರಿನಲ್ಲಿ ಹಿಂಭಾಗ ಹಂತಹಂತವಾಗಿ ಗಟ್ಟಿಯಾಗುತ್ತ ಕುಕ್ಕಿದರೆ, ಶಾಕ್ ಅಬ್ಸಾರ್ಬರು ಮರಳಿ ಚಾಚಿಕೊಳ್ಳಲು ಸಮಯ ಸಾಲುತ್ತಿಲ್ಲ. ಆಗ ರಿಬೌಂಡ್ ಸಡಿಲಿಸಬೇಕು. ಒಂದೇ ದೊಡ್ಡ ಉಬ್ಬಿಗೆ ಸೀಟು ಸವಾರನನ್ನು ಎತ್ತಿ ಎಸೆದರೆ ರಿಬೌಂಡ್ ಬಿಗಿಯಬೇಕು. ಮಳೆಗಾಲದಲ್ಲಿ ವೇಗ ಹೇಗೂ ಕಡಿಮೆಯಾದ್ದರಿಂದ ನಾನು ಮುಂದಿನ ಕಂಪ್ರೆಷನ್ನನ್ನು ಕೊಂಚ ಸಡಿಲವಾಗಿಯೇ ಇಡುತ್ತೇನೆ. ಮರದ ಬೇರುಗಳ ಮೇಲೆ ಮುಂಚಕ್ರ ಜಾರದೆ ನೆಲವನ್ನು ಹಿಡಿದುಕೊಳ್ಳುವುದಕ್ಕೆ ಅದು ನೆರವಾಗುತ್ತದೆ. ಈ ಬದಲಾವಣೆಗಳ ಪರಿಣಾಮ ಕೈಗೂ ಪಾದಕ್ಕೂ ಸ್ಪಷ್ಟವಾಗಿ ತಿಳಿಯುತ್ತದೆ. ಈ ಬೆಲೆಯ ಬೈಕಿನಲ್ಲಿ ಸ್ಕ್ರೂ ತಿರುಗಿಸಿದ್ದಕ್ಕೆ ಇಷ್ಟು ಪ್ರಾಮಾಣಿಕವಾಗಿ ಸ್ಪಂದಿಸುವ ಫೋರ್ಕ್ (ಮುಂಚಕ್ರದ ಸಸ್ಪೆನ್ಷನ್) ಸಿಗುವುದು ಸಂತೋಷದ ಸಂಗತಿ.

ಟಯರಿನ ಗಾಳಿಯ ವಿಷಯದಲ್ಲಿ ಉದಾಸೀನ ಸಲ್ಲದು. ರಸ್ತೆಗೆ ಕೈಪಿಡಿ ಹೇಳುವ ಒತ್ತಡದಲ್ಲೇ ತೋಟದೊಳಗೆ ಹೋದರೆ ಪಾಚಿಗಟ್ಟಿದ ಕಲ್ಲಿನ ಮೇಲೆ ಬೈಕು ನಿಲ್ಲುವುದಿಲ್ಲ. ನಾನು ಕಲ್ಲುದಾರಿಗೆ 20 ಪಿಎಸ್‌ಐ, ಬರೀ ಮಣ್ಣು ಮತ್ತು ಕೆಸರಿಗೆ 17ರಿಂದ 18 ಪಿಎಸ್‌ಐ ಇಡುತ್ತೇನೆ. ಇವು ಟ್ಯೂಬ್ ಟಯರುಗಳಾದ್ದರಿಂದ ಅದಕ್ಕೂ ಕೆಳಗಿಳಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ, ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ. ಆದ್ದರಿಂದ ಪಂಕ್ಚರ್ ಹಾಕುವ ಸಾಮಾನು, ಟಯರ್ ಲಿವರು, 21 ಅಂಗುಲದ ಒಂದು ಟ್ಯೂಬು ಮತ್ತು ಕೈಪಂಪು ಜೊತೆಗಿರಲೇಬೇಕು. ಹೊಸ ಚಕ್ರಗಳ ಕಡ್ಡಿಗಳು ಮೊದಲ ಕೆಲವು ಸವಾರಿಗಳಲ್ಲಿ ಸಡಿಲವಾಗುವುದು ಸಹಜ. ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟುತ್ತ ಹೋದರೆ ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ.

ಕಚ್ಚಾ ದಾರಿಯಲ್ಲಿ ಹೆಚ್ಚು ಹೊತ್ತು ನಿಂತೇ ಓಡಿಸುವುದರಿಂದ ಕ್ಲಚ್ ಮತ್ತು ಬ್ರೇಕ್ ಲಿವರುಗಳನ್ನು ಕೆಳಮುಖವಾಗಿ ತಿರುಗಿಸಿ, ನಿಂತಾಗ ಮುಂಗೈ ಮತ್ತು ಬೆರಳುಗಳು ಒಂದೇ ನೇರದಲ್ಲಿ ಬರುವಂತೆ ಮಾಡಿಕೊಳ್ಳಬೇಕು. ಲಿವರಿನ ಹಿಡಿಕೆಯ ಬೋಲ್ಟನ್ನು ಬಲವಾಗಿ ಕೈಯಿಂದ ಒತ್ತಿದರೆ ತಿರುಗುವಷ್ಟು ಮಾತ್ರ ಬಿಗಿಯಬೇಕು; ಬೈಕು ಬಿದ್ದಾಗ ಲಿವರು ಮುರಿಯದೆ ತಿರುಗಿ ಉಳಿದುಕೊಳ್ಳುತ್ತದೆ. ಪ್ರೊ ಮಾದರಿಯ ಎತ್ತರಿಸಿದ ಹ್ಯಾಂಡಲ್ ಸರಾಸರಿ ಎತ್ತರದವರಿಗೆ ಸಾಕು.

ಚೈನಿನ ಬಗ್ಗೆ ವಿಶೇಷವಾಗಿ ಎಚ್ಚರಿಸಬೇಕಾಗಿದೆ. ಹಿಂಚಕ್ರ ಇಷ್ಟು ದೂರ ಚಲಿಸುವ ಬೈಕಿನಲ್ಲಿ ಮುಂದಿನ ಸ್ಪ್ರಾಕೆಟ್ (ಚೈನಿನ ಹಲ್ಲುಚಕ್ರ), ಹಿಂಚಕ್ರವನ್ನು ಹಿಡಿದ ಸ್ವಿಂಗ್‌ಆರ್ಮಿನ ಕೀಲು ಮತ್ತು ಆಕ್ಸಲ್ ಒಂದೇ ಗೆರೆಗೆ ಬಂದಾಗ ಚೈನು ಅತಿ ಬಿಗಿಯಾಗುತ್ತದೆ. ಆ ಸ್ಥಿತಿಯಲ್ಲೂ ಕೊಂಚ ಸಡಿಲ ಉಳಿಯುವಂತೆ ಹೊಂದಿಸಬೇಕು. ನನ್ನ ಊರಿನ ಒಂದು ಗ್ಯಾರೇಜಿನಲ್ಲಿ ಸಾಮಾನ್ಯ ಕಮ್ಯೂಟರ್ ಬೈಕಿನಂತೆ ಇದರ ಚೈನನ್ನೂ ಬಿಗಿದುಕೊಟ್ಟಿದ್ದರು. ಸ್ಟ್ಯಾಂಡಿನ ಮೇಲೆ ನೋಡಿದಾಗ ಎಲ್ಲ ಅಚ್ಚುಕಟ್ಟಾಗಿ ಕಂಡಿತು, ಇಬ್ಬರು ಕೂತು ಒತ್ತಿದಾಗ ಮಾತ್ರ ಚೈನು ತಂತಿಯಂತಾಯಿತು. ಹಾಗೆಯೇ ಓಡಿಸಿದ್ದರೆ ಗೇರ್‌ಬಾಕ್ಸಿನ ಬೇರಿಂಗಿಗೆ ಪೆಟ್ಟು ಬೀಳುತ್ತಿತ್ತು.

199.6 ಸಿಸಿ ಎಂಜಿನ್ 8,500 ಆರ್‌ಪಿಎಂನಲ್ಲಿ ಸುಮಾರು 19 ಅಶ್ವಶಕ್ತಿ, 6,500ರಲ್ಲಿ 17.35 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಐದು ಗೇರುಗಳು. ಬೆಂಗಳೂರಿನಿಂದ ಹಾಸನದವರೆಗೆ ಹೆದ್ದಾರಿಯಲ್ಲಿ ಇದನ್ನು ಓಡಿಸುವಾಗ ಆರನೆಯ ಗೇರಿನ ಅಗತ್ಯ ಎದ್ದು ಕಾಣುತ್ತದೆ; ತೋಟದೊಳಗೆ ಅದರ ನೆನಪೂ ಬಾರದು. ಕಡಿದಾದ ಏರಿನಲ್ಲಿ ಮೊದಲ ಗೇರಿನಲ್ಲೇ ನಿಧಾನವಾಗಿ ಹತ್ತುವ ಹಂಬಲವಿದ್ದವರು ಮುಂದಿನ ಸ್ಪ್ರಾಕೆಟ್ಟಿಗೆ ಒಂದು ಹಲ್ಲು ಕಡಿಮೆ ಮಾಡಿಕೊಳ್ಳಬಹುದು, ಆದರೆ ಹೆದ್ದಾರಿಯಲ್ಲಿ ಎಂಜಿನ್ ಇನ್ನಷ್ಟು ಕೂಗಾಡುತ್ತದೆ. 2023ರ ನಂತರದ ಬೈಕುಗಳಲ್ಲಿ, ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ಎಬಿಎಸ್‌ಗೆ ಮೂರು ಮೋಡುಗಳಿವೆ: ರೋಡ್, ಆಫ್‌ರೋಡ್, ರ‍್ಯಾಲಿ. ರ‍್ಯಾಲಿ ಮೋಡಿನಲ್ಲಿ ಅದು ಪೂರ್ತಿ ಬಂದ್ ಆಗುತ್ತದೆ. ಎಬಿಎಸ್ ಇರುವುದು ಮುಂಚಕ್ರಕ್ಕೆ ಮಾತ್ರ, ಆದ್ದರಿಂದ ಹಿಂಚಕ್ರವನ್ನು ಬೇಕೆಂದಾಗ ಜಾರಿಸುವುದಕ್ಕೆ ಯಾವ ಮೋಡಿನಲ್ಲೂ ಅಡ್ಡಿಯಿಲ್ಲ. ಉದುರು ಜಲ್ಲಿಯ ಉದ್ದನೆಯ ಇಳಿಜಾರಿಗೆ ಆಫ್‌ರೋಡ್ ಮೋಡ್ ನನಗೆ ಹೆಚ್ಚು ಭರವಸೆ ಕೊಟ್ಟಿದೆ.

ಹೊಸಬರು ನೇರವಾಗಿ ಘಟ್ಟಕ್ಕೆ ಹೋಗುವ ಬದಲು ಮೊದಲು ಕಲಿಯುವ ಜಾಗಕ್ಕೆ ಹೋಗಬೇಕೆಂದು ಕಳಕಳಿಯಿಂದ ಹೇಳುತ್ತೇನೆ. 2015ರಲ್ಲಿ, ಮರಳುಗಾಡಿನಲ್ಲಿ ಹಲವು ದಿನ ನಡೆಯುವ ಕಠಿಣ ಸ್ಪರ್ಧೆಯಾದ ಡಾಕರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ. ಎಸ್. ಸಂತೋಷ್ ಅವರು ಕೋಲಾರದ ಬಳಿ ಕಟ್ಟಿದ ಬಿಗ್‌ರಾಕ್ ತರಬೇತಿ ಮೈದಾನ ನಮ್ಮ ರಾಜ್ಯದಲ್ಲೇ ಇದೆ. ಮೀಸಲು ಅರಣ್ಯ, ಅಭಯಾರಣ್ಯ ಮತ್ತು ಶೋಲಾ ಹುಲ್ಲುಗಾವಲುಗಳಿಗೆ ಬೈಕು ನುಗ್ಗಿಸುವುದು ಅಪರಾಧ ಮಾತ್ರವಲ್ಲ, ಒಂದು ಮಳೆಗಾಲದಲ್ಲಿ ಚಕ್ರ ಕೊರೆದ ಗೀರು ಕೊಚ್ಚಿ ಕಣಿವೆಯಾಗುತ್ತದೆ. ತೋಟದ ದಾರಿಗೂ ಮಾಲೀಕರ ಒಪ್ಪಿಗೆ ಬೇಕು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕೆಲಸದವರು ಓಡಾಡುವ ಹೊತ್ತಿಗೆ ಅತ್ತ ಸುಳಿಯಬಾರದು. ಸೈಲೆನ್ಸರ್ ಬದಲಿಸಿ ಗದ್ದಲ ಎಬ್ಬಿಸುವವರಿಂದಲೇ ಎಷ್ಟೋ ಗೇಟುಗಳು ಸವಾರರಿಗೆ ಮುಚ್ಚಿಹೋಗಿವೆ. ಕಂಪನಿ ಕೊಟ್ಟ ಸೈಲೆನ್ಸರಿನ ತಗ್ಗಿದ ಸದ್ದು ಈ ಬೈಕಿನ ಒಂದು ಒಳ್ಳೆಯ ಗುಣವೆಂದೇ ನಾನು ಎಣಿಸುತ್ತೇನೆ.

ಯಾರು ಇದನ್ನು ಕೊಳ್ಳಬಾರದು ಎಂಬುದನ್ನೂ ಹೇಳಬೇಕು. ಐದೂವರೆ ಅಡಿಗಿಂತ ಕಡಿಮೆ ಎತ್ತರವಿದ್ದು, ವಾರದ ಹೆಚ್ಚಿನ ದಿನ ನಗರದ ದಟ್ಟಣೆಯಲ್ಲೇ ಓಡಿಸುವವರಿಗೆ 891 ಮಿಲಿಮೀಟರಿನ ಸೀಟು ಪ್ರತಿ ಸಿಗ್ನಲ್ಲಿನಲ್ಲೂ ಕಷ್ಟ ಕೊಡುತ್ತದೆ. ಅವರಿಗೆ 825 ಮಿಲಿಮೀಟರ್ ಆಸುಪಾಸಿನ ಸೀಟಿರುವ ಸಾಮಾನ್ಯ ಮಾದರಿಯೇ ಒಳ್ಳೆಯದು, ಅದರ 220 ಮಿಲಿಮೀಟರ್ ನೆಲದಂತರ ಬಹುಪಾಲು ತೋಟದ ದಾರಿಗಳಿಗೆ ಸಾಕು. ಹೆದ್ದಾರಿಯ ದೂರವೇ ಹೆಚ್ಚಿರುವವರು 2025ರಲ್ಲಿ ಬಂದ, ದ್ರವ ತಂಪಿನ ಎಂಜಿನ್ ಮತ್ತು ಆರು ಗೇರುಗಳಿರುವ ಎಕ್ಸ್‌ಪಲ್ಸ್ 210 ಅನ್ನು ಓಡಿಸಿ ನೋಡಲಿ. ವಾರಾಂತ್ಯದಲ್ಲಿ ಮಣ್ಣಿಗಿಳಿಯುವುದೇ ಮುಖ್ಯ, ಸ್ಪ್ಯಾನರ್ ಹಿಡಿಯಲು ಬೇಸರವಿಲ್ಲ ಎನ್ನುವವರು ಪ್ರೊ ಮಾದರಿಯನ್ನೇ ಆರಿಸಿಕೊಂಡು, ಮೊದಲ ಸರ್ವಿಸಿಗೆ ಮುಂಚೆಯೇ ಸ್ಯಾಗ್ ಅಳೆದುಕೊಳ್ಳಲಿ. ಕೆಲವು ನೂರು ಕಿಲೋಮೀಟರ್ ಓಡಿ ಸ್ಪ್ರಿಂಗು ಪಳಗಿದ ಮೇಲೆ ಅದೇ ಅಳತೆಯನ್ನು ಇನ್ನೊಮ್ಮೆ ನೋಡಬೇಕಾಗುತ್ತದೆ.