ಸಾಲದ ನೋಟಿಸ್ ಬಂದರೆ ಅದರಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ

"ಸಾಲ ನಿಮ್ಮದಲ್ಲ ಅಂದ್ರೆ ದುಡ್ಡು ಯಾಕೆ ಕಟ್ಟಿದ್ರಿ ಮೇಡಂ?"

ಈ ಮಾತು ಮೂರು ವಾರದಿಂದ ತಲೆ ಕೊರೆಯುತ್ತಿದೆ. ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಬೇರೆಯವರ ಲೆಕ್ಕಪತ್ರ ನೋಡಿ ಸಂಬಳ ತೆಗೆದುಕೊಳ್ಳುವವಳು ನಾನು. ಬಿಲ್ಲಿನಲ್ಲಿ ಒಂದು ಸಹಿ ಇಲ್ಲದಿದ್ದರೆ ವಾಪಸ್ ಕಳಿಸುತ್ತೇನೆ. ಅಂಥವಳು ಒಂದು ಚೀಟಿಯನ್ನೂ ಕೇಳದೆ ದುಡ್ಡು ಕಳಿಸಿದೆ. ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ.

ಆಗಿದ್ದು ಇಷ್ಟು. ಅಂಚೆಯಲ್ಲಿ ಒಂದು ಪತ್ರ ಬಂತು. ವಸೂಲಿ ಸಂಸ್ಥೆಯ ಲೆಟರ್‌ಹೆಡ್, ಕೇಸ್ ನಂಬರ್, ಕೆಂಪು ಅಕ್ಷರದಲ್ಲಿ "ಕಾನೂನು ಕ್ರಮಕ್ಕೆ ಮುನ್ನ ಕೊನೆಯ ಸೂಚನೆ", 7 ದಿನ ಗಡುವು. ನನ್ನ ಹೆಸರಿನ ಕಾಗುಣಿತವೇ ತಪ್ಪಿತ್ತು. ಯಾವ ಬ್ಯಾಂಕಿನ ಸಾಲ, ಯಾವಾಗಿನದು, ಒಂದೂ ಇಲ್ಲ. "ನಿಮ್ಮ ಹಳೆಯ ಬಾಕಿ" ಅಂತ ಬರೆದು ಕೆಳಗೆ ಒಂದು ಮೊತ್ತ. ಕೊನೆಯ ಸೂಚನೆ ಅಂದರೆ ಮೊದಲನೆಯದು ಎಲ್ಲಿ ಹೋಯಿತು ಅಂತ ಆಗ ಹೊಳೆಯಲೇ ಇಲ್ಲ.

ಯಾಕೆಂದರೆ ನನ್ನ ಹತ್ತಿರ ಹಿಂದೆ ನಿಜಕ್ಕೂ ಒಂದು ಕ್ರೆಡಿಟ್ ಕಾರ್ಡ್ ಇತ್ತು. 9 ವರ್ಷದ ಹಿಂದೆ ಕ್ಲೋಸ್ ಮಾಡಿಸಿದ್ದೆ. ಪೂರ್ತಿ ಕಟ್ಟಿದ್ದೆನಾ? ಕಟ್ಟಿದ್ದೆ. ಆದರೂ ಯಾವುದೋ ಶುಲ್ಕ ಉಳಿದುಕೊಂಡು, ಅದಕ್ಕೆ ಬಡ್ಡಿ ಬೆಳೆದಿದ್ದರೆ? ಈ "ಇದ್ದರೆ" ಅನ್ನೋದೇ ಅವರ ಬಂಡವಾಳ.

ಏನೂ ವಿಚಾರಿಸದೆ ಬಿದ್ದೆ ಅಂದುಕೊಳ್ಳಬೇಡಿ. ಸಂಸ್ಥೆಯ ಹೆಸರನ್ನು ನೆಟ್‌ನಲ್ಲಿ ಹುಡುಕಿದೆ. ಆ ಹೆಸರಿನ ಸಂಸ್ಥೆ ಇತ್ತು, ನೋಂದಣಿಯೂ ಇತ್ತು. ಸಮಾಧಾನ ಆಯಿತು. ಬೇರೆಯವರ ಹೆಸರನ್ನು ತಮ್ಮ ಕಾಗದದ ಮೇಲೆ ಅಚ್ಚು ಹಾಕಿಕೊಳ್ಳಲು ಎಷ್ಟು ಹೊತ್ತು ಬೇಕು ಹೇಳಿ? ಹೆಸರು ಆ ಸಂಸ್ಥೆಯದು, ಫೋನ್ ನಂಬರ್ ಇವರದು. ಎರಡು ನಂಬರನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರೆ ಅಲ್ಲೇ ಮುಗಿಯುತ್ತಿತ್ತು. ನೋಡಲಿಲ್ಲ.

ಫೋನ್ ಮಾಡಿದೆ. ಬೈತಾರೆ, ಬೆದರಿಸುತ್ತಾರೆ ಅಂತ ಎದೆ ಗಟ್ಟಿ ಮಾಡಿಕೊಂಡಿದ್ದೆ. ಆತನೋ ಬೆಣ್ಣೆಯಂಥ ಮಾತು. "ಗಾಬರಿ ಆಗ್ಬೇಡಿ ಮೇಡಂ, ನಿಮ್ಗೆ ಸಹಾಯ ಮಾಡೋಕೇ ನಾವಿರೋದು." ಇದು ಯಾವ ಸಾಲ ಅಂತ ಕೇಳಿದೆ. "ಹೇಳ್ತೀನಿ ಮೇಡಂ, ಮೊದ್ಲು ನೀವೇ ಅಂತ ಖಾತ್ರಿ ಆಗ್ಬೇಕಲ್ವಾ? ಭದ್ರತೆಯ ವಿಷ್ಯ." ಹುಟ್ಟಿದ ದಿನಾಂಕ ಹೇಳಿದೆ. ಹಳೇ ವಿಳಾಸ ಹೇಳಿದೆ. ಹೆಸರಿನ ಕಾಗುಣಿತ ತಪ್ಪಾಗಿದೆ ಅಂತ ಅಕ್ಷರ ಅಕ್ಷರವಾಗಿ ತಿದ್ದಿಸಿದೆ! "ಇದು ಆ ಬ್ಯಾಂಕಿನ ಕಾರ್ಡಿಂದಾ?" ಅಂತ ಬ್ಯಾಂಕಿನ ಹೆಸರು ಹಿಡಿದು ಕೇಳಿದವಳೂ ನಾನೇ. ಒಂದು ಕ್ಷಣ ಸುಮ್ಮನಿದ್ದ. ಕೀಬೋರ್ಡ್ ಸದ್ದು ಕೇಳಿಸಿತು. "ಹೌದು ಮೇಡಂ, ಕರೆಕ್ಟ್, ಅದೇ ಬ್ಯಾಂಕು. ಕಾರ್ಡ್ ಬಾಕಿ."

ನೋಡಿ, ಅವನಿಗೆ ಎಲ್ಲಾ ಗೊತ್ತಿದೆ ಅನ್ನಿಸಿತು ನನಗೆ.

ಅವತ್ತು ರಾತ್ರಿ ಮಲಗಿದ ಮೇಲೆ ಆ ಮಾತುಕತೆ ತಲೆಯೊಳಗೆ ಮತ್ತೆ ಓಡಿತು. ಬ್ಯಾಂಕಿನ ಹೆಸರು ಮೊದಲು ಯಾರ ಬಾಯಿಂದ ಬಂತು? ನನ್ನ ಬಾಯಿಂದ. ಕಾರ್ಡ್ ಅಂದಿದ್ದು? ನಾನು. ವಿಳಾಸ? ನಾನು. ಅವನು ಒಂದೇ ಒಂದು ಹೊಸ ವಿಷಯ ಹೇಳಿರಲಿಲ್ಲ. ನಾನು ಕೊಟ್ಟಿದ್ದನ್ನೇ ನನಗೆ ಓದಿ ಹೇಳಿದ್ದ. ಎದ್ದು ಕೂತೆ. ಅಷ್ಟು ಹೊತ್ತಿಗೆ ದುಡ್ಡು ಹೋಗಿ ಆರು ಗಂಟೆ ಆಗಿತ್ತು.

ಹೌದು, ದುಡ್ಡು. "ಪೂರ್ತಿ ಬೇಡ ಮೇಡಂ, ಸ್ವಲ್ಪ ಟೋಕನ್ ಕಟ್ಬಿಡಿ, ಫೈಲ್ ಹೋಲ್ಡ್‌ನಲ್ಲಿ ಇಡಿಸ್ತೀನಿ." ಖಾತೆ ಒಬ್ಬ ವ್ಯಕ್ತಿಯ ಹೆಸರಲ್ಲಿತ್ತು. ಕೇಳಿದ್ದಕ್ಕೆ, "ಕಂಪನಿ ಖಾತೆ ಅಪ್‌ಡೇಟ್ ಆಗ್ತಿದೆ, ಇದು ನಮ್ಮ ಅಕೌಂಟೆಂಟ್‌ದು." ಇದನ್ನು ನಾನು ನಂಬಿದೆ. ನಾನು! ಕೆಲಸದಲ್ಲಿ ಯಾರಾದರೂ ಇದನ್ನೇ ಹೇಳಿದ್ದರೆ ಅಲ್ಲೇ ನಕ್ಕುಬಿಡುತ್ತಿದ್ದೆ.

ಮರುದಿನ ರಸೀದಿ ಕೇಳಿದೆ. "ಸಿಸ್ಟಂ ಡೌನ್ ಇದೆ." ಸಾಲದ ಒಪ್ಪಂದದ ಪ್ರತಿ ಕೇಳಿದೆ. "ಅದು ಕೋರ್ಟಿನಲ್ಲೇ ಸಿಗುತ್ತೆ ಮೇಡಂ, ಅಲ್ಲಿಗೆ ಹೋಗೋ ಆಸೆ ಇದ್ಯಾ?" ಬೆಣ್ಣೆ ಕರಗಿತ್ತು. ವಾರದೊಳಗೆ ಎರಡನೇ ಪತ್ರ. ಮೊತ್ತ ಇನ್ನೂ ಜಾಸ್ತಿ. ಫೋನ್ ಮಾಡಿ ಕೂಗಾಡಿದೆ, ಇದು ನನ್ನ ಸಾಲವೇ ಅಲ್ಲ ಅಂದೆ. ಆಗ ಬಂತು ಆ ಪ್ರಶ್ನೆ. ದುಡ್ಡು ಯಾಕೆ ಕಟ್ಟಿದ್ರಿ ಮೇಡಂ? ಬಹಳ ತಣ್ಣಗೆ ಕೇಳಿದ. ಆ ದನಿ ಮರೆಯೋಕೆ ಆಗುತ್ತಿಲ್ಲ.

ಕೊನೆಗೆ ಮೊದಲು ಮಾಡಬೇಕಿದ್ದ ಕೆಲಸ ಮಾಡಿದೆ. ಕಾರ್ಡಿನ ಹಳೇ ಸ್ಟೇಟ್‌ಮೆಂಟ್ ಹುಡುಕಿ, ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿ ಬ್ಯಾಂಕನ್ನೇ ಕೇಳಿದೆ. ಖಾತೆ ಮುಚ್ಚಿದೆ, ಬಾಕಿ ಸೊನ್ನೆ, ಯಾರಿಗೂ ಮಾರಿಲ್ಲ, ಯಾವ ಏಜೆನ್ಸಿಗೂ ಕೊಟ್ಟಿಲ್ಲ. ಹನ್ನೊಂದು ನಿಮಿಷದ ಕೆಲಸ. ಕ್ರೆಡಿಟ್ ರಿಪೋರ್ಟ್, ಅಂದರೆ ನನ್ನ ಹೆಸರಿನ ಸಾಲಗಳ ದಾಖಲೆ ತೆಗೆಸಿದೆ, ಅಲ್ಲೂ ಏನಿಲ್ಲ. ಭಾರತದಲ್ಲಿ ಅದು ವರ್ಷಕ್ಕೊಂದು ಸಲ ಪುಕ್ಕಟೆ ಸಿಗುತ್ತದೆ.

ವಕೀಲೆ ಗೆಳತಿಗೆ ಹೇಳಿದರೆ ಇನ್ನಷ್ಟು ಹೆದರಿಸಿದಳು. ಸಾಲ ನಿಜವೇ ಆಗಿದ್ದರೂ ದಾವೆ ಹೂಡಲು ಕಾಲಮಿತಿ ಇರುತ್ತದಂತೆ. ಇಂಥ ಸಾಲಕ್ಕೆ ಭಾರತದಲ್ಲಿ ಸಾಮಾನ್ಯವಾಗಿ 3 ವರ್ಷ, ಇಂಗ್ಲೆಂಡಿನಲ್ಲಿ 6. ಆ ಅವಧಿಯೊಳಗೆ ಸಾಲ ನನ್ನದೇ ಅಂತ ಬರೆದುಕೊಟ್ಟರೆ, ಅಥವಾ ಸ್ವಲ್ಪ ಕಟ್ಟಿ ಅದಕ್ಕೆ ಸಹಿಯ ದಾಖಲೆ ಇದ್ದರೆ, ಎಣಿಕೆ ಹೊಸದಾಗಿ ಶುರುವಾಗಬಹುದು. ಅಂದರೆ ನಿಜವಾದ ವಸೂಲಿಯವರ ಮುಂದೆಯೂ ನನ್ನಂತೆ ಗಾಬರಿಯಲ್ಲಿ ಟೋಕನ್ ಕಟ್ಟುವುದು ದಡ್ಡತನವೇ. ಅಮೆರಿಕದಲ್ಲಿ 1977ರ ಕಾನೂನೊಂದಿದೆ. ನೋಟಿಸ್ ತಲುಪಿದ 30 ದಿನದೊಳಗೆ ಬರವಣಿಗೆಯಲ್ಲಿ ತಕರಾರು ಹಾಕಿದರೆ, ಪುರಾವೆ ಕೊಡುವವರೆಗೆ ವಸೂಲಿ ನಿಲ್ಲಿಸಬೇಕು. 30 ದಿನ! ನನಗೆ ಸಿಕ್ಕಿದ್ದು 7, ಅದನ್ನೂ ನಾನು ಪೂರ್ತಿ ಬಳಸಲಿಲ್ಲ. ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ.

ಹಾಗಂತ ಪತ್ರವನ್ನು ಹರಿದು ಬಿಸಾಡಲೂಬೇಡಿ. ಸಾಲವನ್ನು ಮಾರುವುದು, ಏಜೆನ್ಸಿಗೆ ಒಪ್ಪಿಸುವುದು ಮಾಮೂಲಿ ವ್ಯವಹಾರ. ನಿಜವಾದ ನೋಟಿಸೂ ಹೀಗೇ ಒರಟಾಗಿರಬಹುದು. ಆದರೆ ಬ್ಯಾಂಕು ವಸೂಲಿಯನ್ನು ಏಜೆನ್ಸಿಗೆ ಕೊಟ್ಟಾಗ ಅದರ ವಿವರವನ್ನು ಬ್ಯಾಂಕೇ ಸಾಲಗಾರರಿಗೆ ತಿಳಿಸಬೇಕು ಅಂತ ಭಾರತದ ರಿಸರ್ವ್ ಬ್ಯಾಂಕಿನ ನಿಯಮವಿದೆ. ಹಾಗಾಗಿ ಮೂಲ ಸಾಲ ಕೊಟ್ಟವರನ್ನೇ ಕೇಳಿ. ನಂಬರ್ ನಿಮ್ಮ ಹಳೇ ಕಾಗದದಿಂದ ತೆಗೆದುಕೊಳ್ಳಿ. ಪತ್ರದವರಿಗೆ ಬರೆದು ಕೇಳಿ, ಫೋನ್ ಬೇಡ. ಬರೆಯುವಾಗ "ನನ್ನ ಸಾಲ" ಅನ್ನೋ ಮಾತು ಬರದಿರಲಿ. ಅವರು ಹೇಳಲಿ, ನೀವು ಬಾಯಿ ಮುಚ್ಚಿಕೊಂಡಿರಿ. ದುಡ್ಡು ಹೋಗಿಬಿಟ್ಟಿದ್ದರೆ ಆ ಕ್ಷಣವೇ ನಿಮ್ಮ ಬ್ಯಾಂಕಿಗೆ ತಿಳಿಸಿ, ಭಾರತದಲ್ಲಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿ. ನಾನು ನಾಚಿಕೆಯಿಂದ ಎಂಟು ದಿನ ಕಳೆದೆ. ಎಂಟು ದಿನ.

ದೂರು ಕೊಟ್ಟಾಗಿದೆ. ನಿನ್ನೆ ಮೂರನೇ ಪತ್ರ ಬಂದಿದೆ. ಈ ಸಲ ನನ್ನ ಹೆಸರಿನ ಕಾಗುಣಿತ ಸರಿಯಾಗಿದೆ.